ಬಂಡೆಯೇರುವ ಬಂಡಿಯ ಸ್ಟಿಯರಿಂಗ್ ಸರ್ವೋ

ಸ್ಟಿಯರಿಂಗ್ ಸರ್ವೋ: ರೇಡಿಯೊ ನಿಯಂತ್ರಿತ ವಾಹನದ ಮುಂದಿನ ಚಕ್ರಗಳನ್ನು ಎಡಕ್ಕೋ ಬಲಕ್ಕೋ ತಿರುಗಿಸಿ, ತಿರುಗಿಸಿದ ಕೋನದಲ್ಲೇ ಬಿಗಿಯಾಗಿ ಹಿಡಿದಿಡುವ ಪುಟ್ಟ ವಿದ್ಯುತ್ ಯಂತ್ರ. ಓಟದ ಕಾರಿನ ಸರ್ವೋಗೆ ಚುರುಕುತನ ಬೇಕು. ಬಂಡೆ ಏರುವ ಬಂಡಿಗೆ, ಅಂದರೆ ರಾಕ್ ಕ್ರಾಲರ್‌ಗೆ, ಬೇಕಾದದ್ದು ತಾಕತ್ತು. ಕ್ರಾಲರ್ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ತೆವಳುತ್ತದೆ. ನಾಲ್ಕೂ ಚಕ್ರಗಳಿಗೆ ಮೋಟಾರಿನ ಬಲ ಹಾಯಿಸಿ, ಮೆತ್ತನೆಯ ರಬ್ಬರಿನಿಂದ ಕಲ್ಲನ್ನು ಕಚ್ಚಿಕೊಂಡು, ತನ್ನ ಎತ್ತರದಷ್ಟೇ ಇರುವ ಗುಂಡುಕಲ್ಲುಗಳನ್ನು ಹತ್ತುತ್ತದೆ. ಹೊಸಬರು ಇಂಥ ಬಂಡಿ ಕೊಂಡಾಗ ಮೋಟಾರು, ಬ್ಯಾಟರಿ, ಟೈರುಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಬಂಡೆಯ ಮೇಲೆ ಮೊದಲು ಕೈ ಕೊಡುವುದು ಮಾತ್ರ ಸರ್ವೋ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ತಾಲ್ಲೂಕುಗಳ ಕಲ್ಲಿನ ಮೇಲಂತೂ ಇದು ಇನ್ನೂ ನಿಜ. ಅದಕ್ಕೆ ಕಾರಣ ಅಲ್ಲಿನ ಕಲ್ಲೇ.

ನೆಲ

ಕೊರಟಗೆರೆಯಿಂದ ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋಗುವವರಿಗೆ ದಾರಿಯುದ್ದಕ್ಕೂ ಕಾಣುವ ಬೆಟ್ಟಗಳು ಬಹುಪಾಲು ಒಂದೇ ಕುಲದವು. ಭೂವಿಜ್ಞಾನಿಗಳು ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ಈಗಿನ ರಾಮನಗರದ ಬ್ರಿಟಿಷರ ಕಾಲದ ಹೆಸರು. ರಾಮನಗರದ ಬಂಡೆಗಳಿಂದ ಹೊರಟು ಉತ್ತರಕ್ಕೆ ಉದ್ದನೆಯ ಪಟ್ಟಿಯಾಗಿ ಚಾಚಿರುವ ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದಲ್ಲಿ ನಿಧಾನವಾಗಿ ತಣಿದ ಶಿಲಾಪಾಕವಾದ್ದರಿಂದ ಇದರ ಹರಳುಗಳು ದಪ್ಪ. ತುಂಡು ಕಲ್ಲನ್ನು ಕೈಗೆತ್ತಿಕೊಂಡು ನೋಡಿದರೆ ನಸುಗೆಂಪು ಅಥವಾ ಬೂದು ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಉಗುರಿನಷ್ಟಗಲ ಎದ್ದು ಕಾಣುತ್ತವೆ. ಅಂಗೈಯಿಂದ ಸವರಿದರೆ ಚರ್ಮ ಎಳೆಯುತ್ತದೆ. ಟೈರಿನ ರಬ್ಬರಿಗೂ ಈ ಕಲ್ಲು ಹಾಗೆಯೇ.

ಸರ್ವೋ ಕಥೆ ಶುರುವಾಗುವುದು ಇಲ್ಲಿಂದ. ಕೆಸರಿನಲ್ಲಿ, ಹುಲ್ಲಿನಲ್ಲಿ, ಜಾರುವ ಮಣ್ಣಿನಲ್ಲಿ ಚಕ್ರ ತಿರುಗಿಸುವುದು ಕಷ್ಟವಾದಾಗ ಟೈರು ಒಂದಿಷ್ಟು ಜಾರಿ ಸರ್ವೋ ಮೇಲಿನ ಹೊರೆ ಇಳಿಸುತ್ತದೆ. ಗ್ರಾನೈಟಿನ ಮೇಲೆ ಟೈರು ಜಾರುವುದಿಲ್ಲ. ಒಣಗಿದ ಹಾಸುಬಂಡೆಯ ಮೇಲೆ ಒಳ್ಳೆಯ ಮೆದು ಟೈರಿನ ಕ್ರಾಲರ್ 45 ಡಿಗ್ರಿ ಇಳಿಜಾರಿನಲ್ಲೂ ನಿಲ್ಲುತ್ತದೆ. ಏರುವವನಿಗೆ ಅದು ವರ, ಸರ್ವೋಗೆ ಅದೇ ಪೂರ್ತಿ ಭಾರ. ಬಂಡಿ ನಿಂತಲ್ಲೇ ಚಕ್ರ ತಿರುಗಿಸಬೇಕಾದರೆ ಕಲ್ಲಿನ ಹಿಡಿತವನ್ನೆಲ್ಲ ಸರ್ವೋ ಒಂದೇ ಬಿಡಿಸಬೇಕು.

ಮಧುಗಿರಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಏಷ್ಯದ ಅತಿ ದೊಡ್ಡ ಏಕಶಿಲೆಗಳ ಸಾಲಿನಲ್ಲಿ ಇದರ ಹೆಸರು ಹೇಳುತ್ತಾರೆ. ಬೆಟ್ಟದ ಮೇಲಿನ ಭಾಗದಲ್ಲಿ ಕಲ್ಲು ಈರುಳ್ಳಿಯಂತೆ ಪದರ ಪದರವಾಗಿ ಕಳಚುತ್ತದೆ. ಹಗಲಿನ ಕಾವು, ಇರುಳಿನ ತಂಪು, ಮೇಲಿನ ಭಾರ ಸವೆದು ಹಗುರಾದ ಕಲ್ಲಿನ ಹಿಗ್ಗು, ಇವೆಲ್ಲ ಸೇರಿ ಚಕ್ಕೆಗಳನ್ನು ಎಬ್ಬಿಸುತ್ತವೆ. ಹಾಗೆ ಎದ್ದ ಚಕ್ಕೆಗಳು ಬುಡಕ್ಕೆ ಜಾರಿ ಒಡೆದು ಗುಂಡುಗಳಾಗುತ್ತವೆ, ಅವುಗಳ ನಡುವೆ ಸಂದುಗಳು ಉಳಿಯುತ್ತವೆ. ಕ್ರಾಲರ್‌ಗೆ ಬೇಕಾದದ್ದು ಬುಡದ ಈ ಗುಂಡುಗಳೇ ಹೊರತು ಮೇಲಿನ ಕೋಟೆಯಲ್ಲ. ಕೋಟೆಯ ಮೆಟ್ಟಿಲು, ಗಾರೆಗೋಡೆ, ಬಂಡೆಯಲ್ಲಿ ಕೊರೆದ ಹಳೆಯ ಹಿಡಿಗಳ ಮೇಲೆ ಯಾವ ಚಕ್ರವೂ ಓಡಬಾರದು. ಕಬ್ಬಿಣದ ಬಂಪರ್ ಒಮ್ಮೆ ಗೀಚಿದ ಗೆರೆ ಮತ್ತೆ ಅಳಿಯುವುದಿಲ್ಲ. ಮಿಡಿಗೇಶಿ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡದ ಕೋಟೆಗಳಿಗೂ ಇದೇ ಮಾತು.

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಕಡೆ ಗುಂಡುಗಳ ನಡುವೆ ಮರವಿದೆ, ಉದುರಿದ ಎಲೆಯಿದೆ, ಮಳೆಗಾಲದಲ್ಲಿ ತೊರೆಯಿದೆ. ಅಲ್ಲಿ ಸರ್ವೋಗೆ ನೀರಿನ ಭಯ. ಶಿರಾದ ನೆಲ ಹೆಚ್ಚಾಗಿ ಹಳೆಯ ನೈಸ್ ಶಿಲೆಯದು. ಬಯಲು ಹೆಚ್ಚು, ಕೆಂಪು ಮಣ್ಣು, ಗರಸು, ಜಾಲಿಮುಳ್ಳು. ಅಲ್ಲಿ ದೂಳಿನ ಕಾಟವೇ ಹೆಚ್ಚು. ಪಾವಗಡ ರಾಜ್ಯದ ಬಹಳ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಉದ್ಯಾನ ಎದ್ದಿರುವುದು ಅಲ್ಲಿನ ಬಿಸಿಲನ್ನು ನಂಬಿಯೇ. ಅದೇ ಬಿಸಿಲು ಏಪ್ರಿಲ್ ಮಧ್ಯಾಹ್ನ ಬಂಡೆಯನ್ನು ಬರಿಗಾಲಿಡಲಾಗದಷ್ಟು ಕಾಯಿಸುತ್ತದೆ. ಕಾದ ಬಂಡೆಯ ಮೇಲೆ ಕಾದ ಸರ್ವೋ ತಣಿಯಲು ದಾರಿ ಸಿಗದೆ ಸಾಯುತ್ತದೆ.

ಸರ್ವೋ ಎಂದರೇನು

ಸರ್ವೋ ಎಂಬ ಹೆಸರು ಬಂದದ್ದು ಆಟಿಕೆಯಿಂದಲ್ಲ, ಹಡಗಿನಿಂದ. 1866ರಲ್ಲಿ ಜಾನ್ ಮೆಕ್‌ಫರ್ಲೇನ್ ಗ್ರೇ ಎಂಬ ಎಂಜಿನಿಯರು ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗಿಗಾಗಿ ಹಬೆಯಿಂದ ನಡೆಯುವ ಚುಕ್ಕಾಣಿ ಯಂತ್ರ ರೂಪಿಸಿದ. ಚಾಲಕ ಚಕ್ರ ತಿರುಗಿಸಿದಷ್ಟೇ ಚುಕ್ಕಾಣಿ ತಿರುಗಿ, ತಿರುಗಿದ್ದು ಸಾಕೆಂದು ತಾನೇ ಅರಿತು ನಿಲ್ಲುವ ಏರ್ಪಾಡು ಅದರಲ್ಲಿತ್ತು. ಫ್ರಾನ್ಸಿನ ಜೋಸೆಫ್ ಫಾರ್ಕೊ ಇಂಥ ಯಂತ್ರಕ್ಕೆ ‘ಸೆರ್ವೊಮೋಟರ್’ ಎಂದು ಹೆಸರಿಟ್ಟು 1873ರಲ್ಲಿ ಪುಸ್ತಕ ಬರೆದ. ಹೇಳಿದಷ್ಟು ತಿರುಗಿ ಅಲ್ಲೇ ನಿಲ್ಲುವುದು ಅಂದಿನ ಚುಕ್ಕಾಣಿಗೂ ಇಂದಿನ ಬೆಂಕಿಪೊಟ್ಟಣದ ಗಾತ್ರದ ಸರ್ವೋಗೂ ಒಂದೇ ಧರ್ಮ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ನಾಲ್ಕು ವಸ್ತು: ಪುಟ್ಟ ಡಿಸಿ ಮೋಟಾರು, ಅದರ ವೇಗ ಇಳಿಸಿ ಬಲ ಏರಿಸುವ ಗೇರುಗಳ ಸಾಲು, ಕೊನೆಯ ಗೇರು ಎಷ್ಟು ತಿರುಗಿದೆಯೆಂದು ಹೇಳುವ ಪೊಟೆನ್ಷಿಯೊಮೀಟರ್, ತಿರುಗಬೇಕಾದ ಕೋನವನ್ನೂ ತಿರುಗಿದ ಕೋನವನ್ನೂ ಹೋಲಿಸಿ ನೋಡುವ ಸರ್ಕ್ಯೂಟ್. ರೇಡಿಯೊ ರಿಸೀವರಿನಿಂದ ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಬರುತ್ತದೆ. ಆ ಮಿಡಿತ 1,500 ಮೈಕ್ರೊಸೆಕೆಂಡ್ ಇದ್ದರೆ ಚಕ್ರ ನೆಟ್ಟಗೆ, 1,000ದ ಕಡೆ ಸರಿದರೆ ಒಂದು ಪಕ್ಕಕ್ಕೆ, 2,000ದ ಕಡೆ ಸರಿದರೆ ಇನ್ನೊಂದು ಪಕ್ಕಕ್ಕೆ. ಡಿಜಿಟಲ್ ಸರ್ವೋ ಎಂದರೆ ಆ ಹೋಲಿಕೆಯ ಕೆಲಸವನ್ನು ಮೈಕ್ರೊಪ್ರೊಸೆಸರ್ ಮಾಡುತ್ತದೆ, ಮೋಟಾರಿಗೆ ಸೆಕೆಂಡಿಗೆ ನೂರಾರು ಸಲ ವಿದ್ಯುತ್ ಕೊಟ್ಟು ಹಿಡಿದ ಜಾಗ ಬಿಡದಂತೆ ನೋಡಿಕೊಳ್ಳುತ್ತದೆ. ಬಂಡೆಗೆ ಡಿಜಿಟಲ್ಲೇ ಬೇಕು. ಹಳೆಯ ಅನಲಾಗ್ ಸರ್ವೋ ಸ್ವಲ್ಪ ತಳ್ಳಿದರೆ ಬಗ್ಗಿಕೊಂಡು ಆಮೇಲೆ ಎಚ್ಚೆತ್ತುಕೊಳ್ಳುತ್ತದೆ.

ಸರ್ವೋದ ಮೇಲ್ಗಡೆ ಹಲ್ಲುಹಲ್ಲಾದ ಕಂಬಿಯೊಂದು ಹೊರಗೆ ಚಾಚಿರುತ್ತದೆ. ಅದಕ್ಕೆ ಕೂರಿಸುವ ತೋಳಿಗೆ ಹಾರ್ನ್ ಎಂದು ಹೆಸರು. ಹಾರ್ನಿನ ತುದಿಗೆ ಡ್ರ್ಯಾಗ್ ಲಿಂಕ್ ಎಂಬ ಸರಳು, ಅಲ್ಲಿಂದ ಚಕ್ರವನ್ನು ಹೊತ್ತು ತಿರುಗುವ ನಕಲ್, ಎರಡು ನಕಲ್‌ಗಳ ನಡುವೆ ಟೈ ರಾಡ್. ಟ್ರ್ಯಾಕ್ಟರ್ ರಿಪೇರಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅಳತೆಯಷ್ಟೇ ಚಿಕ್ಕದು. ಕಂಬಿಯ ಹಲ್ಲುಗಳ ಲೆಕ್ಕ ಮಾತ್ರ ನೆನಪಿಡಬೇಕು: ಫುಟಾಬಾ ಪದ್ಧತಿಯಲ್ಲಿ 25, ಹಿಟೆಕ್ಕಿನಲ್ಲಿ 24, ಜೆಆರ್ ಪದ್ಧತಿಯಲ್ಲಿ 23. ಈಗ ಮಾರುಕಟ್ಟೆಯಲ್ಲಿ ಹೆಚ್ಚಿರುವುದು 25ರದು. 24ರ ಹಾರ್ನನ್ನು 25ರ ಕಂಬಿಗೆ ಬಲವಂತವಾಗಿ ಕೂರಿಸಿದರೆ ಎರಡರ ಹಲ್ಲೂ ಹೋಗುತ್ತದೆ.

ಎಷ್ಟು ತಾಕತ್ತು ಬೇಕು

ಸರ್ವೋ ಬಲವನ್ನು ಕೆ.ಜಿ.-ಸೆಂ.ಮೀ. ಲೆಕ್ಕದಲ್ಲಿ ಹೇಳುತ್ತಾರೆ. 20 ಕೆ.ಜಿ.-ಸೆಂ.ಮೀ. ಎಂದರೆ 1 ಸೆಂ.ಮೀ. ತೋಳಿನ ತುದಿಯಲ್ಲಿ 20 ಕೆ.ಜಿ. ಎಳೆತ, 2 ಸೆಂ.ಮೀ. ತೋಳಿನಲ್ಲಿ 10 ಕೆ.ಜಿ. ಅಂಗಡಿಯವರು ಬಾಯಿಮಾತಿಗೆ ‘ಇಪ್ಪತ್ತು ಕೆ.ಜಿ. ಸರ್ವೋ’ ಎನ್ನುತ್ತಾರೆ. ಅಮೆರಿಕದ ಪೆಟ್ಟಿಗೆಗಳ ಮೇಲೆ ಔನ್ಸ್-ಇಂಚಿನ ಲೆಕ್ಕ ಇರುತ್ತದೆ. ಅದನ್ನು ಸುಮಾರು 14ರಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. 125 ಔನ್ಸ್-ಇಂಚು ಎಂದರೆ 9 ಕೆ.ಜಿ.-ಸೆಂ.ಮೀ.

ಕ್ರಾಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಿಜವಾದ ವಾಹನದ ಹತ್ತನೇ ಒಂದರ ಅಳತೆಯವು. 2009ರ ಸುಮಾರಿಗೆ ಬಂದ ಆಕ್ಸಿಯಲ್ ಎಸ್‌ಸಿಎಕ್ಸ್10, 2017ರ ಟ್ರಾಕ್ಸಸ್ ಟಿಆರ್‌ಎಕ್ಸ್-4 ಈ ಸಾಲಿನವು. ಇವುಗಳಿಗೂ ಮುಂಚೆ, 1987ರಲ್ಲಿ ಜಪಾನಿನ ತಮಿಯಾ ಹೊರತಂದ ‘ಕ್ಲಾಡ್ ಬಸ್ಟರ್’ ದೈತ್ಯಚಕ್ರದ ಲಾರಿಯನ್ನು ಹವ್ಯಾಸಿಗಳೇ ಬಿಚ್ಚಿ ಜೋಡಿಸಿ ಬಂಡೆ ಹತ್ತಿಸುತ್ತಿದ್ದರು. ಹತ್ತನೇ ಒಂದರ ಬಂಡಿ ಬ್ಯಾಟರಿ ಸಮೇತ ಸುಮಾರು 3 ಕೆ.ಜಿ. ತೂಗುತ್ತದೆ, ಬಂಡೆ ಏರಲೆಂದು ಮುಂದೆ ಹಿತ್ತಾಳೆ ತೂಕ ಸೇರಿಸಿದರೆ ಇನ್ನೂ ಹೆಚ್ಚು.

ಇಂಥ ಬಂಡಿ ಸಮತಟ್ಟು ಬಂಡೆಯ ಮೇಲೆ ನಿಂತಲ್ಲೇ ಚಕ್ರ ತಿರುಗಿಸಲು ಬೇಕಾದ ಬಲ ದೊಡ್ಡದಲ್ಲ. ಮುಂದಿನ ಒಂದೊಂದು ಚಕ್ರದ ಮೇಲೆ 900 ಗ್ರಾಂ ಭಾರವಿದ್ದು, ಟೈರು ಕಲ್ಲನ್ನು ಮುಟ್ಟುವ ಜಾಗದ ತ್ರಿಜ್ಯ ಒಂದೂವರೆ ಸೆಂ.ಮೀ. ಎಂದುಕೊಂಡರೆ, ಎರಡೂ ಸೇರಿ ಎರಡೂವರೆ ಮೂರು ಕೆ.ಜಿ.-ಸೆಂ.ಮೀ. ಸಾಕು. ಪೆಟ್ಟಿಗೆಯ ಜತೆ ಬಂದ ಸಾಧಾರಣ ಸರ್ವೋ ಅಂಗಳದಲ್ಲಿ ಚೆನ್ನಾಗಿ ಕೆಲಸ ಮಾಡುವುದು ಇದಕ್ಕೇ. ಆದರೆ ಮುಂದಿನ ಎಡ ಚಕ್ರ ಎರಡು ಗುಂಡುಗಳ ಸಂದಿಗೆ ಇಳಿಯಿತೆನ್ನಿ. ಟೈರಿನ ಪಕ್ಕ ಕಲ್ಲಿಗೆ ಒತ್ತಿಕೊಂಡಿದೆ. ಬಂಡಿಯ ಅರ್ಧಕ್ಕಿಂತ ಹೆಚ್ಚು ಭಾರ ಅದೊಂದೇ ಚಕ್ರದ ಮೇಲಿದೆ. ಹೊರಬರಬೇಕಾದರೆ ಚಕ್ರವನ್ನು ಬಲಕ್ಕೆ ತಿರುಗಿಸಿ ಕಲ್ಲನ್ನು ತಳ್ಳಿಯೇ ಬರಬೇಕು. ಟೈರಿನ ಅಂಚು ತಿರುಗುವ ನಡುಗಂಬಿಯಿಂದ ಐದೂವರೆ ಸೆಂ.ಮೀ. ದೂರ. ಅಲ್ಲಿ 2 ಕೆ.ಜಿ. ಪ್ರತಿರೋಧ ಇದ್ದರೂ 11 ಕೆ.ಜಿ.-ಸೆಂ.ಮೀ. ಬೇಕಾಯಿತು, ಕೀಲುಗಳ ಘರ್ಷಣೆ ಬೇರೆ. ಅಂಗಳದಲ್ಲಿ ಬೇಕಾದದ್ದರ ನಾಲ್ಕು ಪಟ್ಟು.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯಲ್ಲಿ ಒಂದು ಮೋಸವಿಲ್ಲದ ಮೋಸವಿದೆ. ಅದು ಸ್ಟಾಲ್ ಟಾರ್ಕ್, ಅಂದರೆ ಸರ್ವೋ ಇನ್ನು ತಿರುಗಲಾರೆನೆಂದು ನಿಂತುಬಿಡುವ ಕ್ಷಣದ ಬಲ. ಕೆಲಸದ ಬಲ ಅದರ ಅರ್ಧ ಅಥವಾ ಮೂರನೇ ಒಂದು. ಜತೆಗೆ ಆ ಅಂಕಿ ಯಾವ ವೋಲ್ಟೇಜಿನಲ್ಲಿ ಎಂಬುದನ್ನು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಮೋಟಾರಿನ ಬಲ ಹೆಚ್ಚುಕಡಿಮೆ ವೋಲ್ಟೇಜಿನ ಪ್ರಮಾಣದಲ್ಲೇ ಇಳಿಯುವುದರಿಂದ, 7.4 ವೋಲ್ಟಿನಲ್ಲಿ 25 ಕೆ.ಜಿ. ಎನ್ನುವ ಸರ್ವೋ 6 ವೋಲ್ಟಿನಲ್ಲಿ 20ರ ಹತ್ತಿರ. ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟುಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲೆಲ್ಲೂ ಸಿಗುವ ಎಂಜಿ996ಆರ್ ಸರ್ವೋ 4.8 ವೋಲ್ಟಿನಲ್ಲಿ 9.4, 6 ವೋಲ್ಟಿನಲ್ಲಿ 11 ಕೆ.ಜಿ.-ಸೆಂ.ಮೀ. ಎಂದು ತಯಾರಕರೇ ಹೇಳುತ್ತಾರೆ. ರೋಬಾಟ್ ತೋಳಿಗೆ ಅದು ಸರಿ. ಮಧುಗಿರಿಯ ಸಂದಿಗೆ ಅದು ಸಾಲದು.

ಆದ್ದರಿಂದ ಹತ್ತನೇ ಒಂದರ ಬಂಡಿಗೆ ಈ ಬಂಡೆಗಳ ಮೇಲೆ 25 ಕೆ.ಜಿ.ಗಿಂತ ಕಡಿಮೆಯದನ್ನು ಹಾಕಬಾರದು. 35ರಿಂದ 40 ಇದ್ದರೆ ನಿಶ್ಚಿಂತೆ. ಅದಕ್ಕಿಂತ ಮೇಲೆ ಹೋದರೆ ಸರ್ವೋ ಗೆದ್ದು ಟೈ ರಾಡ್ ಬಾಗುತ್ತದೆ, ನಕಲ್ ಸೀಳುತ್ತದೆ. ಪ್ಲಾಸ್ಟಿಕ್ ನಕಲ್ ಇರುವ ಬಂಡಿಗೆ 60 ಕೆ.ಜಿ. ಸರ್ವೋ ಹಾಕುವುದು ಹಳೆಯ ಎತ್ತಿನಗಾಡಿಗೆ ಲಾರಿ ಎಂಜಿನ್ ಕಟ್ಟಿದಂತೆ. ವೇಗದ ಅಂಕಿಗೆ ಇಲ್ಲಿ ಹೆಚ್ಚು ಬೆಲೆ ಕೊಡಬೇಕಿಲ್ಲ. 60 ಡಿಗ್ರಿ ತಿರುಗಲು 0.15 ಸೆಕೆಂಡ್ ತೆಗೆದುಕೊಂಡರೂ ಸರಿ, 0.25 ತೆಗೆದುಕೊಂಡರೂ ಸರಿ.

ಹದಿನೆಂಟನೇ ಒಂದು, ಇಪ್ಪತ್ನಾಲ್ಕನೇ ಒಂದರ ಪುಟ್ಟ ಬಂಡಿಗಳ ಲೆಕ್ಕ ಬೇರೆ. 2022ರ ಟಿಆರ್‌ಎಕ್ಸ್-4ಎಂ, ಅದಕ್ಕೂ ಮುಂಚಿನ ಎಸ್‌ಸಿಎಕ್ಸ್24 ಅಂಗೈಯಲ್ಲಿ ಹಿಡಿಯುವಂಥವು. ಅವಕ್ಕೆ ಸಣ್ಣ ಸರ್ವೋ, ಲೋಹದ ಗೇರಿನದಾದರೆ ಸಾಕು. 9 ಗ್ರಾಂ ತೂಕದ ನೀಲಿ ಬಣ್ಣದ ಎಸ್‌ಜಿ90 ಅಗ್ಗವಾದರೂ ಅದರ ಪ್ಲಾಸ್ಟಿಕ್ ಹಲ್ಲು ಬಂಡಿ ಮೊದಲ ಸಲ ಬಿದ್ದಾಗಲೇ ಮುರಿಯುತ್ತದೆ.

ಹೊಟ್ಟೆಯೊಳಗಿನ ವಿಚಾರ

ಗೇರು ನೈಲಾನಿನದಾದರೆ ಕ್ರಾಲರ್‌ಗೆ ಬೇಡವೇ ಬೇಡ. ಹಿತ್ತಾಳೆಯದು ಮೊದಮೊದಲು ಚೆನ್ನಾಗಿದ್ದು ಕ್ರಮೇಣ ಸವೆದು ‘ಪ್ಲೇ’, ಅಂದರೆ ಸಡಿಲ, ಬರುತ್ತದೆ. ಉಕ್ಕಿನದು ಹೆಚ್ಚು ಬಾಳಿಕೆ ಬರುತ್ತದೆ. ಕಡೆಯ ಎರಡು ಗೇರುಗಳಾದರೂ ಉಕ್ಕಿನವಾಗಿರಬೇಕು, ಹೊಡೆತ ಬೀಳುವುದು ಅವಕ್ಕೇ. ಮೋಟಾರಿನಲ್ಲಿ ಸಾಧಾರಣ ಬ್ರಶ್ ಇರುವುದು, ಕೋರ್‌ಲೆಸ್, ಬ್ರಶ್‌ಲೆಸ್ ಎಂದು ಮೂರು ಬಗೆ. ನಿಂತಲ್ಲೇ ತಳ್ಳುವ ಕ್ರಾಲರ್ ಕೆಲಸಕ್ಕೆ ಬ್ರಶ್‌ಲೆಸ್ ಹೆಚ್ಚು ತಾಳಿಕೊಳ್ಳುತ್ತದೆ. ಹಣ ಕಡಿಮೆಯಿದ್ದರೆ ಕೋರ್‌ಲೆಸ್ ಸಾಕು. ಸರ್ವೋ ಮೈ ಅಲ್ಯುಮಿನಿಯಮಿನದಾಗಿದ್ದರೆ ಮೋಟಾರಿನ ಬಿಸಿ ಹೊರಗೆ ಹೋಗುತ್ತದೆ. ಪಾವಗಡದ ಬಿಸಿಲಿಗೆ ಪ್ಲಾಸ್ಟಿಕ್ ಮೈಯ ದೊಡ್ಡ ಸರ್ವೋಗಿಂತ ಅಲ್ಯುಮಿನಿಯಮ್ ಮೈಯ ಮಧ್ಯಮ ಸರ್ವೋ ಮೇಲು.

ನೀರು, ದೂಳು ತಡೆಯುವ ಶಕ್ತಿಗೆ ಐಪಿ67 ಎಂಬ ಗುರುತಿದೆ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಕೊರಟಗೆರೆಯ ತೊರೆಗೆ ಆ ಏಳು ಬೇಕು, ಶಿರಾದ ಗರಸಿಗೆ ಈ ಆರು ಬೇಕು. ದೂಳನ್ನು ಹಗುರವಾಗಿ ಕಾಣಬಾರದು. ಕಂಬಿಯ ಬುಡದ ರಬ್ಬರ್ ಉಂಗುರ ಸವೆದರೆ ಬೆಣಚು ಹುಡಿ ಒಳಗಿನ ಗ್ರೀಸಿಗೆ ಸೇರಿ, ಹಲ್ಲುಗಳಿಗೆ ಉಪ್ಪುಕಾಗದ ಉಜ್ಜಿದಂತಾಗುತ್ತದೆ.

ಸರ್ವೋ ಕೂರಿಸುವ ಜಾಗದ ಬಗ್ಗೆಯೂ ಒಂದು ಮಾತು. ಅಚ್ಚಿನ ಮೇಲೆ, ಅಂದರೆ ಆಕ್ಸಲ್ ಮೇಲೆಯೇ ಸರ್ವೋ ಕೂರಿಸಿದರೆ ಚಕ್ರ ಎಷ್ಟು ಮೇಲೆ ಕೆಳಗೆ ಆಡಿದರೂ ಸ್ಟಿಯರಿಂಗ್ ಕದಲುವುದಿಲ್ಲ, ಮುಂದಿನ ಭಾರವೂ ಕೆಳಗಿರುತ್ತದೆ. ಆದರೆ ಕಲ್ಲಿನ ಹೊಡೆತಕ್ಕೆ ಸರ್ವೋ ನೇರವಾಗಿ ಸಿಗುತ್ತದೆ. ಚಾಸಿಸ್ ಮೇಲೆ ಕೂರಿಸಿದರೆ ಸರ್ವೋ ಸುರಕ್ಷಿತ, ಬಂಡಿ ನಿಜವಾದ ಜೀಪಿನಂತೆ ಕಾಣುತ್ತದೆ. ಆದರೆ ಡ್ರ್ಯಾಗ್ ಲಿಂಕ್ ಮತ್ತು ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಒಂದೇ ಉದ್ದ, ಒಂದೇ ಓರೆ ಇರದಿದ್ದರೆ ಸ್ಪ್ರಿಂಗ್ ಕುಸಿದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ಎರಡರಲ್ಲೂ ಹಾರ್ನ್ ಗಟ್ಟಿ ಲೋಹದ್ದಿರಬೇಕು. ಓಟದ ಕಾರಿನಲ್ಲಿ ಹೊಡೆತ ತಾಳಲೆಂದು ಹಾಕುವ ಸ್ಪ್ರಿಂಗಿನ ‘ಸರ್ವೋ ಸೇವರ್’ ಇಲ್ಲಿ ಬಲವನ್ನೆಲ್ಲ ತಾನೇ ನುಂಗಿಬಿಡುತ್ತದೆ.

ಹಾರ್ನ್ ಉದ್ದ ಕೂಡ ಆಯ್ಕೆಯ ಭಾಗ. 25 ಕೆ.ಜಿ. ಸರ್ವೋ 2 ಸೆಂ.ಮೀ. ತೂತಿನಲ್ಲಿ ಲಿಂಕನ್ನು ಹನ್ನೆರಡೂವರೆ ಕೆ.ಜಿ. ಬಲದಿಂದ ಎಳೆಯುತ್ತದೆ, ಎರಡೂವರೆ ಸೆಂ.ಮೀ. ತೂತಿನಲ್ಲಿ 10 ಕೆ.ಜಿ. ಮಾತ್ರ. ಉದ್ದ ಹಾರ್ನ್ ಹೆಚ್ಚು ಕೋನ ಕೊಡುತ್ತದೆಂದು ಹೊರಗಿನ ತೂತಿಗೆ ಹೋಗುವ ಮೊದಲು ಚಕ್ರ ಒಳಗಿನ ತೂತಿನಲ್ಲೇ ಪೂರ್ತಿ ತಿರುಗುತ್ತದೆಯೇ ನೋಡಬೇಕು. ತಿರುಗಿದರೆ ಅಲ್ಲೇ ಇರಲಿ. ಹೊಸ ಸರ್ವೋ ಕೊಳ್ಳದೆ ಬಲ ಹೆಚ್ಚಿಸುವ ಸುಲಭ ದಾರಿ ಇದು.

ವಿದ್ಯುತ್ತಿನ ಬಾಬತ್ತು

ಬೋರ್‌ವೆಲ್ ಮೋಟಾರು ಸುಡುವುದು ಏಕೆಂದು ಈ ನಾಲ್ಕು ತಾಲ್ಲೂಕುಗಳ ಯಾವ ರೈತನೂ ಹೇಳಬಲ್ಲ. ವೋಲ್ಟೇಜ್ ಡಲ್ ಆಯಿತು, ಮೋಟಾರು ಲೋಡ್ ತೆಗೆದುಕೊಳ್ಳಲಿಲ್ಲ, ಜಾಮ್ ಆಗಿ ಗುಂಯ್ ಎಂದು ನಿಂತಿತು, ಕಾಯಿಲ್ ಸುಟ್ಟುಹೋಯಿತು, ವೈಂಡಿಂಗ್‌ಗೆ ಹೋಯಿತು. ಸರ್ವೋ ಸಾಯುವುದೂ ಹೀಗೆಯೇ. ಮೋಟಾರು ತಿರುಗುತ್ತಿರುವಾಗ ಕಡಿಮೆ ಕರೆಂಟ್ ಎಳೆಯುತ್ತದೆ, ನಿಂತಾಗ ಹೆಚ್ಚು. ತಿರುಗುವಾಗ ಒಂದು ಆಂಪಿಯರಿಗಿಂತ ಕಡಿಮೆಯಲ್ಲಿ ನಡೆಯುವ 35 ಕೆ.ಜಿ. ಸರ್ವೋ ಸಂದಿಯಲ್ಲಿ ಸಿಕ್ಕಾಗ 4, 5 ಆಂಪಿಯರ್ ಕೇಳುವುದು ಸಾಮಾನ್ಯ. ಎಂಜಿ996ಆರ್‌ನಂಥ ಸಾಧಾರಣ ಸರ್ವೋ ಕೂಡ 6 ವೋಲ್ಟಿನಲ್ಲಿ ನಿಂತಾಗ ಎರಡೂವರೆ ಆಂಪಿಯರ್ ಎಳೆಯುತ್ತದೆ.

ಆ ಕರೆಂಟ್ ಬರುವುದು ನೇರವಾಗಿ ಬ್ಯಾಟರಿಯಿಂದಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಎಂಬ ಪೆಟ್ಟಿಗೆಯೊಳಗೆ ಬಿಇಸಿ ಎಂಬ ಸಣ್ಣ ವಿದ್ಯುತ್ ಮೂಲವಿರುತ್ತದೆ. ಬ್ಯಾಟರಿಯ ವೋಲ್ಟೇಜನ್ನು 5, 6 ಅಥವಾ 7.4ಕ್ಕೆ ಇಳಿಸಿ ರಿಸೀವರಿಗೂ ಸರ್ವೋಗೂ ಹಂಚುವುದು ಅದೇ. ಅಗ್ಗದ ಇಎಸ್‌ಸಿಗಳಲ್ಲಿ ಅದರ ಶಕ್ತಿ 2, 3 ಆಂಪಿಯರ್. 5 ಆಂಪಿಯರ್ ಕೇಳುವ ಸರ್ವೋಗೆ 3 ಆಂಪಿಯರ್ ಕೊಡುವ ಬಿಇಸಿ ಕಟ್ಟಿದರೆ ವೋಲ್ಟೇಜ್ ಕುಸಿಯುತ್ತದೆ. 4 ವೋಲ್ಟಿಗಿಂತ ಕೆಳಗೆ ಇಳಿದಾಗ ಹಲವು ರಿಸೀವರುಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಬಂಡಿ ಗುಂಡಿನ ನೆತ್ತಿಯ ಮೇಲಿರುವಾಗ ಅರೆಗಳಿಗೆ ಹಾಗಾದರೂ ಸಾಕು, ಹಿಂದಕ್ಕೆ ಉರುಳುತ್ತದೆ. ನೋಡಿದವರು ರಿಮೋಟಿನ ರೇಂಜ್ ಸಾಲಲಿಲ್ಲ ಎನ್ನುತ್ತಾರೆ. ಭಾರತದಲ್ಲಿ 2005ರಿಂದ ಲೈಸೆನ್ಸಿಲ್ಲದೆ ಬಳಸಲು ಬಿಟ್ಟಿರುವ 2.4 ಗಿಗಾಹರ್ಟ್ಸ್ ತರಂಗದ ರಿಮೋಟುಗಳಿಗೆ ಹತ್ತು ಹೆಜ್ಜೆ ದೂರದ ಬಂಡೆ ಏನೂ ಅಲ್ಲ. ದೋಷ ಬಹುತೇಕ ಸಲ ಹೊಟ್ಟೆಗೆ ಸಾಲದ ವಿದ್ಯುತ್ತಿನದು.

ಪರಿಹಾರ ಎರಡು. 10 ಆಂಪಿಯರ್ ಕೊಡುವ ಬೇರೆ ಬಿಇಸಿಯನ್ನು ಬ್ಯಾಟರಿಗೆ ಕಟ್ಟಿ, ಅದರಿಂದ ಸರ್ವೋಗೆ ನೇರವಾಗಿ ಕೆಂಪು ಕಪ್ಪು ತಂತಿ ಎಳೆದು, ಸಿಗ್ನಲ್ ತಂತಿಯನ್ನೂ ನೆಗೆಟಿವ್ ತಂತಿಯನ್ನೂ ಮಾತ್ರ ರಿಸೀವರಿಗೆ ಕೊಡುವುದು ಒಂದು. ನೇರವಾಗಿ ಬ್ಯಾಟರಿಯಿಂದಲೇ ನಡೆಯುವಂತೆ ತಯಾರಾದ ಸರ್ವೋ ಕೊಳ್ಳುವುದು ಇನ್ನೊಂದು. ಹಾಗೆಂದು ಮೇಲೆ ಬರೆದಿಲ್ಲದ ಸರ್ವೋವನ್ನು ಬ್ಯಾಟರಿಗೆ ನೇರ ಕೊಡಬಾರದು. ಎರಡು ಸೆಲ್ಲಿನ ಲಿಪೊ ಬ್ಯಾಟರಿ ಪೂರ್ತಿ ತುಂಬಿದಾಗ 8.4 ವೋಲ್ಟ್, 6 ವೋಲ್ಟಿನ ಸರ್ವೋ ಅದಕ್ಕೆ ಹೊಗೆಯಾಗುತ್ತದೆ.

ಪರೀಕ್ಷೆ

ಸರ್ವೋ ಕೈಗೆ ಬಂದ ದಿನವೇ, ಬಂಡಿಗೆ ಕೂರಿಸುವ ಮೊದಲೇ ಪರೀಕ್ಷಿಸಬೇಕು. ಮಧುಗಿರಿಯಿಂದ ಬೆಂಗಳೂರಿನ ಅಂಗಡಿಗೆ ನೂರು ಕಿ.ಮೀ., ಪಾವಗಡದಿಂದ ಇನ್ನೂ ದೂರ. ಬಂಡಿಗೆ ಕೂರಿಸಿ ಗೀರು ಬಿದ್ದ ಸರ್ವೋವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೊದಲು ಕೈ ಪರೀಕ್ಷೆ. ವಿದ್ಯುತ್ ಕೊಡದೆ ಹಾರ್ನನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದೇ ಸಮನೆ ಬಿಗಿ ಇರಬೇಕು, ನಡುವೆ ಎಲ್ಲೂ ತಡವರಿಸಬಾರದು. ಆಮೇಲೆ ಗುಂಡಿ ತಿರುಗಿಸುವ ಅಗ್ಗದ ಸರ್ವೋ ಟೆಸ್ಟರಿಗೋ ಆರ್ಡುಯಿನೊ ಬೋರ್ಡಿಗೋ ಸಿಕ್ಕಿಸಿ 1,500 ಮೈಕ್ರೊಸೆಕೆಂಡಿನ ಸಿಗ್ನಲ್ ಕೊಡಿ. ಆರ್ಡುಯಿನೊ ಬೋರ್ಡಿನ ಐದು ವೋಲ್ಟಿನಿಂದ ದೊಡ್ಡ ಸರ್ವೋಗೆ ವಿದ್ಯುತ್ ಕೊಡಬಾರದು, ಬೇರೆ ಬ್ಯಾಟರಿ ಬೇಕು. ಈಗ ಹಾರ್ನಿನ ತುದಿಗೆ ಊದುಬತ್ತಿ ಕಡ್ಡಿ ಅಂಟಿಸಿ, ಅದರ ನೆರಳಿನ ಜಾಗವನ್ನು ಕಾಗದದ ಮೇಲೆ ಗುರುತಿಸಿ. ಎಡಕ್ಕೆ ಪೂರ್ತಿ ಹೋಗಿ ನಡುವಿಗೆ ಬನ್ನಿ, ಗುರುತಿಸಿ. ಬಲಕ್ಕೆ ಪೂರ್ತಿ ಹೋಗಿ ನಡುವಿಗೆ ಬನ್ನಿ, ಗುರುತಿಸಿ. ಮೂರೂ ಗೆರೆ ಒಂದರ ಮೇಲೊಂದು ಬಿದ್ದರೆ ಒಳ್ಳೆಯ ಸರ್ವೋ. ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಗೇರಿನಲ್ಲಿ ಪ್ಲೇ ಇದೆ ಅಥವಾ ಸರ್ಕ್ಯೂಟ್ ಮಂದವಿದೆ. ಉದ್ದ ಕಡ್ಡಿ ಕಣ್ಣಿಗೆ ಕಾಣದ ಅರೆ ಡಿಗ್ರಿಯನ್ನೂ ಎತ್ತಿ ತೋರಿಸುತ್ತದೆ.

ಮುಖ್ಯವಾದದ್ದು ಭಾರದ ಪರೀಕ್ಷೆ. ಇದಕ್ಕೆ ಬೇಕಾದ್ದು ವೈಸ್, ನೈಲಾನ್ ದಾರ, ನೀರಿನ ಕ್ಯಾನ್. ಒಂದು ಲೀಟರ್ ನೀರು ಒಂದು ಕೆ.ಜಿ., ಇದಕ್ಕಿಂತ ನಂಬಿಕಸ್ಥ ತೂಕದ ಬಟ್ಟು ಬೇರೆ ಬೇಡ. ಸರ್ವೋವನ್ನು ಮೇಜಿನಂಚಿನ ವೈಸಿನಲ್ಲಿ ಮೈ ನಜ್ಜಾಗದಂತೆ ಬಟ್ಟೆ ಸುತ್ತಿ ಹಿಡಿಸಿ. ಹಾರ್ನ್ ನೆಲಕ್ಕೆ ಸಮಾನಾಂತರವಾಗಿ ಅಡ್ಡ ನಿಲ್ಲಬೇಕು, ಏಕೆಂದರೆ ಓರೆಯಾದಷ್ಟೂ ತೋಳಿನ ಉದ್ದ ಕಡಿಮೆಯಾಗಿ ಲೆಕ್ಕ ತಪ್ಪುತ್ತದೆ. 2 ಸೆಂ.ಮೀ. ತೂತಿನಿಂದ ದಾರ ಇಳಿಬಿಟ್ಟು ಕ್ಯಾನ್ ಕಟ್ಟಿ. 4 ಲೀಟರ್ ನೀರಿನಿಂದ ಶುರುಮಾಡಿ ಅಡ್ಡ ನಿಂತ ಹಾರ್ನನ್ನು ಹತ್ತಿಪ್ಪತ್ತು ಡಿಗ್ರಿ ಮೇಲಕ್ಕೆ ಎತ್ತಿಸಿ, ಇಳಿಸಿ. ಎತ್ತಿದರೆ ಅರ್ಧ ಲೀಟರ್ ಸೇರಿಸಿ. ಎತ್ತದೆ ನಿಂತ ಕೂಡಲೇ, ಎರಡು ಸೆಕೆಂಡಿನೊಳಗೆ, ಸಿಗ್ನಲ್ ವಾಪಸ್ ತೆಗೆಯಿರಿ. ಎತ್ತಿದ ಕೊನೆಯ ತೂಕಕ್ಕೆ ಕ್ಯಾನಿನ ತೂಕ ಸೇರಿಸಿ ಎರಡರಿಂದ ಗುಣಿಸಿದರೆ ನಿಮ್ಮ ಸರ್ವೋದ ನಿಜವಾದ ಅಂಕಿ. ಎಲ್ಲ ಸೇರಿ 10 ಕೆ.ಜಿ. ಎತ್ತಿದರೆ 20 ಕೆ.ಜಿ.-ಸೆಂ.ಮೀ. ಹಲ್ಲು ಮುರಿದರೆ ಕ್ಯಾನ್ ಬೀಳುತ್ತದೆ. ಕಾಲು ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಎತ್ತುವ ಬಲ ಬೇರೆ, ಹಿಡಿದು ನಿಲ್ಲುವ ಬಲ ಬೇರೆ. ಗೇರಿನ ಘರ್ಷಣೆ ಎತ್ತುವಾಗ ಎದುರಾಳಿ, ಹಿಡಿಯುವಾಗ ಜೊತೆಗಾರ. ಅದಕ್ಕೇ ಯಾವ ಸರ್ವೋ ಆದರೂ ಎತ್ತುವುದಕ್ಕಿಂತ ಹೆಚ್ಚು ಹಿಡಿದಿಡುತ್ತದೆ, ಮಾರುವವರು ಕೆಲವೊಮ್ಮೆ ಆ ದೊಡ್ಡ ಅಂಕಿಯನ್ನೇ ಅಚ್ಚು ಹಾಕುತ್ತಾರೆ. ಕ್ರಾಲರ್‌ಗೆ ಎಣಿಕೆಗೆ ಬರುವುದು ಎತ್ತುವ ಬಲ. ಈ ಪರೀಕ್ಷೆಯನ್ನು ಪ್ರತಿ ವೋಲ್ಟೇಜಿನಲ್ಲೂ ಮಾಡುವುದಕ್ಕಿಂತ, ನಿಮ್ಮ ಬಂಡಿಯ ಬಿಇಸಿಯಿಂದಲೇ ವಿದ್ಯುತ್ ಕೊಟ್ಟು ಒಮ್ಮೆ ಮಾಡಿದರೆ ಸಾಕು. ಬಂಡೆಯ ಮೇಲೆ ಸರ್ವೋಗೆ ಸಿಗುವುದು ಆ ವಿದ್ಯುತ್ತೇ.

ಇದೇ ಹೊತ್ತಿನಲ್ಲಿ ವೋಲ್ಟೇಜನ್ನೂ ನೋಡಿಕೊಳ್ಳಬಹುದು. ರಿಸೀವರಿನ ಖಾಲಿ ಚಾನೆಲಿಗೆ ಮಲ್ಟಿಮೀಟರ್ ಹಿಡಿಯಿರಿ. 6.0 ಇದ್ದದ್ದು ಸರ್ವೋ ತಿಣುಕುವಾಗ 5.7ಕ್ಕೆ ಇಳಿದರೆ ಚಿಂತೆಯಿಲ್ಲ. 5ಕ್ಕೆ ಇಳಿದರೆ ಬಿಇಸಿ ಸೋತಿದೆ. ಅಗ್ಗದ ಮಲ್ಟಿಮೀಟರು ಕ್ಷಣದ ಕುಸಿತವನ್ನು ತೋರಿಸುವುದಿಲ್ಲವಾದ್ದರಿಂದ, ತೋರಿಸಿದ್ದಕ್ಕಿಂತ ಒಂದಿಷ್ಟು ಕೆಟ್ಟದ್ದೇ ಇದೆಯೆಂದು ತಿಳಿಯಬೇಕು. ಕರೆಂಟ್ ಅಳೆಯಲು ಪಂಪ್‌ಸೆಟ್ ಎಲೆಕ್ಟ್ರಿಷಿಯನ್ನಿನ ಕ್ಲ್ಯಾಂಪ್ ಮೀಟರ್ ಕೇಳಿ ತರುವವರು ಅದರಲ್ಲಿ ಡಿಸಿ ಗುರುತು ಇದೆಯೇ ನೋಡಿಕೊಳ್ಳಬೇಕು. ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ, ಸರ್ವೋ ತಂತಿಗೆ ಹಿಡಿದರೆ ಸೊನ್ನೆ ತೋರಿಸುತ್ತವೆ. ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ತಂತಿ ಬದಲಿಸಿ ಕೆಂಪು ತಂತಿಯ ನಡುವೆ ಜೋಡಿಸುವುದು ಸರಿಯಾದ ದಾರಿ.

ಕೊನೆಯದು ಕಾವಿನ ಪರೀಕ್ಷೆ, ಇದು ಬಂಡಿಗೆ ಕೂರಿಸಿದ ಮೇಲೆ. ಒರಟು ಕಲ್ಲಿನ ಮೇಲೆ ಬಂಡಿ ನಿಲ್ಲಿಸಿ, ಹತ್ತು ನಿಮಿಷ ಎಡ ಬಲ ತಿರುಗಿಸುತ್ತಿರಿ. ಸರ್ವೋ ಮೈ ಮೇಲೆ ಬೆರಳಿಟ್ಟು ಐದು ಎಣಿಸಲಾಗದಿದ್ದರೆ ಅದು ಸಾಯುವ ದಾರಿಯಲ್ಲಿದೆ. ಬೆಳಗಿನ ಏಳಕ್ಕೆ ಪಾಸಾದದ್ದು ಮಧ್ಯಾಹ್ನ ಎರಡಕ್ಕೆ ಪಾಸಾಗದಿರಬಹುದು. ಈ ಸೀಮೆಯಲ್ಲಿ ಪರೀಕ್ಷೆ ನಡೆಯಬೇಕಾದದ್ದು ಎರಡು ಗಂಟೆಯ ಬಿಸಿಲಿನಲ್ಲೇ.

ಸೆಟ್ಟಿಂಗ್ ಮತ್ತು ಉಪಚಾರ

ಬಿಸಿಯಾಗುವ ಸರ್ವೋಗಳಲ್ಲಿ ಬಹುಪಾಲು ಕೆಟ್ಟವಲ್ಲ, ಸೆಟ್ಟಿಂಗ್ ತಪ್ಪಿದವು. ಚಕ್ರ ತನ್ನ ಕೊನೆಯ ಮಿತಿ ಮುಟ್ಟಿ ಲೋಹಕ್ಕೆ ಲೋಹ ತಾಗಿದ ಮೇಲೂ ಸರ್ವೋ ಇನ್ನೂ ತಿರುಗಬೇಕೆಂದು ತಳ್ಳುತ್ತಲೇ ಇದ್ದರೆ, ಕಲ್ಲು ಇಲ್ಲದೆಯೇ ಸ್ಟಾಲ್ ಆಗುತ್ತದೆ. ಬಂಡಿಯನ್ನು ಎತ್ತಿ ಹಿಡಿದು ಪೂರ್ತಿ ತಿರುಗಿಸಿದಾಗ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಇದೇ ಕಾರಣ. ರಿಮೋಟಿನಲ್ಲಿ ಎಂಡ್ ಪಾಯಿಂಟ್ ಎಂಬ ಸೆಟ್ಟಿಂಗ್ ಇರುತ್ತದೆ. ಸದ್ದು ನಿಲ್ಲುವವರೆಗೆ ಅದನ್ನು ಇಳಿಸುತ್ತಾ ಬಂದು, ಆಮೇಲೆ ಇನ್ನೂ ಒಂದು ಗೆರೆ ಇಳಿಸಬೇಕು. ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಮಾಡಬೇಕು, ಎರಡೂ ಒಂದೇ ಆಗಿರುವುದು ಅಪರೂಪ.

ಬಂಡೆಯಿಂದ ಬಂದ ಮೇಲೆ ಬ್ರಶ್ಶಿನಿಂದ ಕಂಬಿಯ ಬುಡದ ಹುಡಿ ತೆಗೆಯಬೇಕು. ನೀರಿಗೆ ಇಳಿದಿದ್ದರೆ ಹಾರ್ನ್ ಸ್ಕ್ರೂ ಬಿಚ್ಚಿ ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕು. ಓಡಿಸುವ ಜಾಗದ ವಿಚಾರದಲ್ಲೂ ಎಚ್ಚರ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ ಧಾಮಗಳಿಗೆ ಈ ಬಂಡಿ ಹೋಗಬಾರದು. ಬೆಟ್ಟದ ಸಂದುಗಳಲ್ಲಿ ಕರಡಿ ಇರುವ ಸೀಮೆಯಾದ್ದರಿಂದ ಹೊತ್ತು ಮುಳುಗುವ ಮುಂಚೆ ಇಳಿದುಬಿಡಬೇಕು.

ಹಲ್ಲು ಹೋದ ಸರ್ವೋವನ್ನು ಎಸೆಯಬೇಕಾಗಿಲ್ಲ. ಒಳ್ಳೆಯ ತಯಾರಕರ ಸರ್ವೋಗೆ ಗೇರ್ ಸೆಟ್ ಬೇರೆಯಾಗಿ ಸಿಗುತ್ತದೆ. ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿ, ಮೇಲಿನ ಮುಚ್ಚಳ ತೆಗೆದ ಕೂಡಲೇ ಗೇರುಗಳು ಕೂತ ಕ್ರಮವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುರಿದ ಹಲ್ಲಿನ ಚೂರು ಒಂದೂ ಒಳಗೆ ಉಳಿಯದಂತೆ ಹಳೆಯ ಗ್ರೀಸ್ ಒರೆಸಿ, ಹೊಸ ಗ್ರೀಸನ್ನು ತೆಳುವಾಗಿ ಹಚ್ಚಿ, ರಬ್ಬರ್ ಉಂಗುರ ತಿರುಚದಂತೆ ಮುಚ್ಚಿ. ಹಾರ್ನ್ ಹಾಕುವ ಮೊದಲು ವಿದ್ಯುತ್ ಕೊಟ್ಟು ಸರ್ವೋ 1,500ಕ್ಕೆ ಬಂದು ನಿಲ್ಲಲಿ, ಮುಂದಿನ ಚಕ್ರಗಳನ್ನು ಕೈಯಿಂದ ನೆಟ್ಟಗೆ ಹಿಡಿಯಿರಿ, ಆಮೇಲೆ ಹಾರ್ನ್ ಕೂರಿಸಿ ಸ್ಕ್ರೂ ಬಿಗಿ ಮಾಡಿ.